ಗ್ಯಾರೇಜಿನ ಬಲ್ಬಿಗೆ ನನ್ನನ್ನು ಕರೆದವರು

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ರಿಮೋಟ್ ಶಟರ್ ಕೂಡಿಸಿಕೊಡುವುದು ನನ್ನ ಕಸುಬು. ಬಟನ್ ಒತ್ತಿದರೆ ಗ್ಯಾರೇಜಿನ ಬಾಗಿಲು ತಾನೇ ಮೇಲೇರುತ್ತದೆ, ಮೋಟರಿನ ಪಕ್ಕದಲ್ಲಿರುವ ಒಂದು ಬಲ್ಬು ಹತ್ತಿಕೊಂಡು ಐದು ನಿಮಿಷಕ್ಕೆ ತಾನೇ ಆರುತ್ತದೆ. ಮೋಟರ್ ಕೆಟ್ಟಿತೆಂದು ನನ್ನನ್ನು ಕರೆದವರು ಕಡಿಮೆ. ಕರೆಯುವುದೆಲ್ಲ ಆ ಬಲ್ಬಿಗೆ. ಅಂಗಡಿಯಲ್ಲಿ ಕಂಡ ಯಾವುದೋ ಬಲ್ಬು ತಂದು ಸಿಕ್ಕಿಸಿರುತ್ತಾರೆ, ಆಮೇಲೆ ನಡೆಯುವುದನ್ನು ನಾನು ಹೋಗಿ ನೋಡಬೇಕು. ವಾರಕ್ಕೊಂದಾದರೂ ಇಂಥದ್ದು ಆಗದಿದ್ದರೆ ನನಗೇ ಏನೋ ಕಳಕೊಂಡ ಹಾಗೆ.

ನೂರೆಂಟು ಸಲ

ವಿದ್ಯಾನಗರದಲ್ಲಿ ನಿವೃತ್ತ ಹೆಡ್‌ಮಾಸ್ತರರ ಮನೆ. ಶಟರ್ ತೆರೆಯುತ್ತದೆ, ಆದರೆ ಕಾರು ಹೊರಗೆ ಬಂದ ಮೇಲೆ ಮುಚ್ಚುವುದಿಲ್ಲ ಎಂದು ಫೋನ್ ಬಂತು. ಹೋದೆ.

"ಮುಚ್ಚೂದಿಲ್ಲ ಅಂತ ಯಾರಂದ್ರು?" ಎಂದರು ಮಾಸ್ತರರ ಹೆಂಡತಿ. "ಮುಚ್ಚತೈತಿ. 'ಓಂ ನಮಃ ಶಿವಾಯ' ಅಂತ ನೂರೆಂಟು ಸಲ ಅನ್ನಬೇಕು."

ನಾನು ಮಾಸ್ತರರ ಮುಖ ನೋಡಿದೆ. ಅವರು ತಲೆ ತಗ್ಗಿಸಿ, "ಖರೇ ಐತ್ರಿ. ಒಂದು ತಿಂಗಳಿಂದ ಹಂಗ ನಡದೈತಿ. ಆಕಿ ಜಪಾ ಮುಗಸೂತನಾ ನಾ ಓಣ್ಯಾಗ ಕಾರ್ ಚಾಲೂ ಇಟ್ಕೊಂಡು ಕುಂದರ್ತೀನಿ" ಎಂದರು.

ಮೇಲೆ ಹತ್ತಿ ನೋಡಿದೆ. ತಿಂಗಳ ಹಿಂದೆ ಮಾಸ್ತರರು ಅಗ್ಗದ ಎಲ್‌ಇಡಿ ಬಲ್ಬೊಂದನ್ನು ಹಾಕಿದ್ದರು. ಅಂಥ ಬಲ್ಬುಗಳಲ್ಲಿ ಕೆಲವು ಹತ್ತಿದಾಗ ಒಳಗಿಂದ ಸಣ್ಣ ತರಂಗಗಳ ಗದ್ದಲ ಎಬ್ಬಿಸುತ್ತವೆ. ಆ ಗದ್ದಲದಲ್ಲಿ ರಿಮೋಟ್ ಹೇಳಿದ್ದು ಮೋಟರಿಗೆ ಕೇಳಿಸುವುದಿಲ್ಲ. ಐದು ನಿಮಿಷಕ್ಕೆ ಬಲ್ಬು ಆರಿದ ಮೇಲೆ ಕೇಳಿಸುತ್ತದೆ. ಅಮ್ಮಾವರ ಜಪ ಮುಗಿಯುವುದಕ್ಕೂ ಬಲ್ಬು ಆರುವುದಕ್ಕೂ ಸರಿ ಹೋಗುತ್ತಿತ್ತು.

ನಾನು ಗದ್ದಲ ಮಾಡದ, ಒಳ್ಳೆಯ ಬಲ್ಬು ಹಾಕಿದೆ. "ಈಗ ಒತ್ತರಿ" ಎಂದೆ. ಅಮ್ಮಾವರು ಕಣ್ಣು ಮುಚ್ಚಿ ಒಂದು ಸಲ "ಓಂ ನಮಃ ಶಿವಾಯ" ಎಂದು ಬಟನ್ ಒತ್ತಿದರು. ಶಟರ್ ಸರಸರನೆ ಇಳಿಯಿತು.

ಅಮ್ಮಾವರ ಕಣ್ಣಲ್ಲಿ ನೀರು. "ನೋಡಿದ್ರ್ಯಾ? ಒಂದು ತಿಂಗಳು ಶ್ರದ್ಧಾದಿಂದ ಅಂದದ್ದಕ್ಕ ಈಗ ಒಂದ ಸಲಕ್ಕ ಕೇಳಿಸಿತು!"

ನಾನು ಹಳೆಯ ಬಲ್ಬನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಕೈ ಮುಗಿದೆ.

ಹೊಲದ ದಾರಿಯ ಪರೀಕ್ಷೆ

ಹೆಬ್ಬಳ್ಳಿಯ ಒಬ್ಬ ರೈತರು ಟ್ರ್ಯಾಕ್ಟರ್ ಶೆಡ್ಡಿಗೆ ರಿಮೋಟ್ ಶಟರ್ ಹಾಕಿಸಿದ್ದರು. ದೊಡ್ಡ ಶಟರ್, ಏಳುವಾಗ ಗಡಗಡ ಎಂದು ಇಡೀ ಶೆಡ್ಡು ನಡುಗುತ್ತದೆ. ಆ ನಡುಕಕ್ಕೆ ಹಳೇ ಕಾಲದ ತಂತಿ ಬಲ್ಬುಗಳು ಎಂಟು ದಿನಕ್ಕೊಂದರಂತೆ ತಂತಿ ಕಡಿದುಕೊಳ್ಳುತ್ತಿದ್ದವು.

"ಅಲುಗಾಡಿದ್ರ ತಡಿಯೂವಂಥಾ ಬಲ್ಬ್ ತರ್ರಿ ಗೌಡ್ರ" ಎಂದು ಫೋನಿನಲ್ಲಿ ಹೇಳಿದೆ.

ಮರುದಿನ ಹೋದಾಗ ಅವರು ಟ್ರ್ಯಾಕ್ಟರಿನಿಂದ ಒಂದು ಗಂಟು ಇಳಿಸುತ್ತಿದ್ದರು. ಧಾರವಾಡದ ಪೇಟೆಯಲ್ಲಿ ಐದು ನಮೂನೆಯ ಬಲ್ಬು ಕೊಂಡು, ಯಾವುದು ಗಟ್ಟಿ ಎಂದು ಅಂಗಡಿಯವರನ್ನು ಕೇಳುವ ಗೋಜಿಗೇ ಹೋಗದೆ, ಐದನ್ನೂ ಟವೆಲ್ಲಿನಲ್ಲಿ ಸುತ್ತಿ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಕಟ್ಟಿದ್ದರು. ಹೊಲದ ದಾರಿ ಹಿಡಿದು ಎರಡು ಸುತ್ತು ಹೊಡೆದಿದ್ದರು.

"ನಾಕು ಹೋದೂವ್ರಿ. ಇದೊಂದು ಉಳದೈತಿ. ಇದನ್ನ ಹಾಕ್ರಿ."

ಹಾಕಿದೆ. ಆ ಬಲ್ಬು ಇವತ್ತಿಗೂ ಉರಿಯುತ್ತಿದೆ. ನಾನು ಬೆರಗಾಗಿ ನಿಂತದ್ದು ನೋಡಿ ಗೌಡರು ಹತ್ತಿರ ಬಂದು ಕಾಳಜಿಯಿಂದ ಹೇಳಿದರು:

"ಮುಂದಿನ ವರ್ಷ ಈ ದಾರಿಗೆ ಡಾಂಬರ್ ಬೀಳತೈತಂತ್ರಿ. ಅಷ್ಟರಾಗ ಫ್ಯಾನು, ಮಿಕ್ಸರ್, ಟಿವಿ ಎಲ್ಲಾ ತಂದು ಪಾಸ್ ಮಾಡ್ಸಿ ಇಟ್ಕೊಂಡಬಿಡಬೇಕು."

ಜೇನುಗೂಡು

ಧಾರವಾಡದ ಹತ್ತಿ ವ್ಯಾಪಾರಿಯೊಬ್ಬರಿಗೆ ಗ್ಯಾರೇಜು ಮದುವೆ ಹಾಲಿನಂತೆ ಬೆಳಗಬೇಕೆಂದು ಆಸೆ. ಮೋಟರಿನ ಮೇಲೆ ಎಷ್ಟು ವ್ಯಾಟ್ ಹಾಕಬಹುದೆಂದು ಬರೆದಿತ್ತು. ಅವರು ಅದರ ಮೂರು ಪಟ್ಟಿನ ಬಲ್ಬು ಹಾಕಿ, ಆರದಂತೆ ಇಟ್ಟು ಊರಿಗೆ ಹೋದರು. ಬಂದು ನೋಡಿದರೆ ಮೇಲೆ ಜೇನುಗೂಡು! ಕೂಡಲೇ ನನಗೆ ಫೋನ್.

ನಾನು ಹೋದಾಗ ಬೇವಿನ ಸೊಪ್ಪಿನ ಹೊಗೆ ಓಣಿ ತುಂಬಿತ್ತು. ವ್ಯಾಪಾರಿಗಳು ಕಂಬಳಿ ಹೊದ್ದು ಗೇಟಿನ ಆಚೆ ನಿಂತಿದ್ದರು. ನಾನು ಏಣಿ ಹತ್ತಿ ಸ್ಕ್ರೂಡ್ರೈವರಿನಿಂದ ಗೂಡನ್ನು ಬಡಿದೆ. ಟಕ್ ಟಕ್ ಎಂದಿತು. ಬಲ್ಬಿನ ಕಾವಿಗೆ ಅದರ ಪ್ಲಾಸ್ಟಿಕ್ ಕವರು ಕರಗಿ, ಕಂದು ಬಣ್ಣಕ್ಕೆ ತಿರುಗಿ, ಜೋತು ಬಿದ್ದಿತ್ತು.

"ಜೇನಲ್ಲರಿ ಸಾಹುಕಾರ್ರ, ಬಲ್ಬಿನ ಕವರು. ಬೆಂಕಿ ಹತ್ತಲಿಲ್ಲ, ಅದು ಪುಣ್ಯಾ."

ಅವರು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. ಅವರ ಹಿಂದೆ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದ ಅವರ ತಾಯಿ ಮಾತ್ರ ಭಾಳ ಬೇಸರದಿಂದ ಕೇಳಿದರು: "ಹಂಗಾರ ಜೇನತುಪ್ಪಾ ಏನೂ ಬರೂದಿಲ್ಲೇನಪಾ?"

ಒಂದು ದೊಡ್ಡ ರಿಪೇರಿ

ಹುಬ್ಬಳ್ಳಿಯ ಒಂದು ಮನೆಯಲ್ಲಿ ಹಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಓಣಿ ಇಕ್ಕಟ್ಟೆಂದು ಅವರ ಕಾರನ್ನು ತಮ್ಮ ಗ್ಯಾರೇಜಿನಲ್ಲೇ ನಿಲ್ಲಿಸಿಕೊಂಡಿದ್ದ ಹುಡುಗಿಯ ಅಪ್ಪ, ಶಟರ್ ಇಳಿಸಿದ ಮೇಲೆ ಒಳಗೆ ಕತ್ತಲಾಗಬಾರದೆಂದು ಹೊಸ ಬಲ್ಬು ಹಾಕಿ, ರಿಮೋಟಿನಿಂದ ಅದು ಉರಿಯುತ್ತಲೇ ಇರುವಂತೆ ಮಾಡಿದ್ದರು.

ಮಾತುಕತೆ ಕುದುರಲಿಲ್ಲ. ಹುಡುಗ ಬಾಯಿ ಬಿಡಲಿಲ್ಲ, ಹುಡುಗಿ ತಲೆ ಎತ್ತಲಿಲ್ಲ. ಶಿರಾ ತಿಂದಾಯಿತು, ಚಹಾ ಕುಡಿದಾಯಿತು. "ತಿಳಸ್ತೀವ್ರಿ" ಎಂದು ಗಂಡಿನವರು ಎದ್ದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಆಕೆಗೆ ಬಂದ ಮೂರನೆಯ ಸಂಬಂಧ ಅದು. ಅಪ್ಪ ಸಪ್ಪೆ ಮುಖ ಮಾಡಿಕೊಂಡು ರಿಮೋಟ್ ಒತ್ತಿದರು. ಶಟರ್ ಏಳಲಿಲ್ಲ. ಗೋಡೆಯ ಬಟನ್ನಿಗೆ ಮೊನ್ನೆಯಷ್ಟೇ ಹಚ್ಚಿದ ಬಣ್ಣ ಮೆತ್ತಿ ಗಟ್ಟಿಯಾಗಿತ್ತು. ನನಗೆ ಫೋನ್ ಬಂತು.

ನಾನು ಅರ್ಧ ತಾಸಿಗೆ ಮುಟ್ಟಿದೆ. ಗ್ಯಾರೇಜಿನಲ್ಲಿ ಹುಡುಗ ಕಾರಿಗೆ ಒರಗಿ ನಿಂತಿದ್ದ, ಹುಡುಗಿ ಒಳಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ನಗು ನಿಂತಿತು.

ಏಣಿ ಹಾಕಿ ಬಲ್ಬಿಗೆ ಕೈ ಹಚ್ಚಿದೆ. ಹುಡುಗಿ ನೀರು ಕೊಡುವ ನೆಪದಲ್ಲಿ ಬಂದು ಪಿಸುಗುಟ್ಟಿದಳು: "ಕಾಕಾ, ಬಲ್ಬಿಂದ ಆಗೇತಿ ಅಂತ ನನಗ ಗೊತ್ತೈತ್ರಿ. ಇನ್ನ ಅರ್ಧಾ ತಾಸು ಅದು ಅಲ್ಲೇ ಇರ್ಲಿ."

ನಾನು ಕೈ ಹಿಂದೆ ತೆಗೆದು ಮೋಟರಿನ ಸ್ಕ್ರೂ ಬಿಚ್ಚತೊಡಗಿದೆ. ಆಕೆ ಲೋಟ ಇಡಲು ಒಳಗೆ ಹೋದಾಗ ಹುಡುಗ ಏಣಿಯ ಬುಡಕ್ಕೆ ಬಂದ. "ಕಾಕಾ, ಏನೂ ಅವಸರ ಇಲ್ರಿ. ನಿಧಾನ ಮಾಡ್ರಿ."

ಬಿಚ್ಚಿದ ಸ್ಕ್ರೂ ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಅಷ್ಟರಲ್ಲಿ ಹುಡುಗನ ತಂದೆ ಬಂದರು. ಇವರಿಗಾದರೂ ಅವಸರ ಇರುತ್ತದೆ ಎಂದುಕೊಂಡೆ. ಅವರು ಅತ್ತಿತ್ತ ನೋಡಿ ಮೆಲ್ಲಗೆ, "ಒಳಗ ಹೋಳಿಗಿಗೆ ಹೂರಣಾ ರುಬ್ಬಾಕತ್ಯಾರ. ನಿಮ್ಮ ರಿಪೇರಿ ಊಟ ಆಗೂತನಾ ಹಿಡೀತೈತೇನ?" ಎಂದರು.

ನಾನು ಗಟ್ಟಿ ದನಿಯಲ್ಲಿ ಎಲ್ಲರಿಗೂ ಕೇಳುವಂತೆ, "ಭಾಳ ದೊಡ್ಡ ರಿಪೇರಿ ಐತ್ರಿ!" ಎಂದೆ.

ಊಟವಾಯಿತು, ನನ್ನದೂ ಆಯಿತು. "ತಿಳಸ್ತೀವಿ" ಅಂದಿದ್ದವರು ಎಲೆ ಎತ್ತುವ ಮೊದಲೇ ದಿನ ಗೊತ್ತು ಮಾಡೋಣವೆಂದರು. ಆಮೇಲೆ ನಾನು ಬಲ್ಬು ತಿರುವಿ ತೆಗೆದು ಗ್ಯಾರೇಜಿನ ಕಪಾಟಿನಲ್ಲಿಟ್ಟೆ, ಶಟರ್ ಎದ್ದಿತು.

ಮದುವೆ ಚೆನ್ನಾಗಿ ನಡೆಯಿತು. ಮುಂದಿನ ವಾರ ಹುಡುಗಿಯ ಅಪ್ಪ ನನ್ನನ್ನು ಕರೆಸಿ ಶಟರಿಗೆ ಸರಿಯಾದ ಬಲ್ಬು ಹಾಕಿಸಿಕೊಂಡರು. ಅವತ್ತಿನ ಬಲ್ಬು ಇನ್ನೂ ಕಪಾಟಿನಲ್ಲೇ ಇತ್ತು. ಒಗೆಯಲೆಂದು ಎತ್ತಿಕೊಂಡೆ. ಅವರು ಓಡಿ ಬಂದು ಅದನ್ನು ನನ್ನ ಕೈಯಿಂದ ಇಸಗೊಂಡು, ಹತ್ತಿಯಲ್ಲಿ ಸುತ್ತಿ ದೇವರ ಜಗಲಿಯ ಪಕ್ಕದಲ್ಲಿಟ್ಟರು.

"ಒಗೀಬ್ಯಾಡ್ರಿ ಮಾರಾಯ್ರ, ಇನ್ನ ಸಣ್ಣ ಮಗಳು ಅದಾಳ!"