ಕೋಳಿ ಕೂಗೋತನಕ ಬುಧವಾರ

ನಾನು ಎಲ್ಲಿ ಕೆಲಸಕ್ಕೆ ನಿಂತರೂ ಅಲ್ಲೊಂದು ಎದೆ ಧಸಕ್ಕೆನ್ನುವ ಸಂಗತಿ ಕಾದು ಕುಂತಿರುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಲಾರಿ, ಖಾನಾವಳಿ, ಹತ್ತಿ ಮಿಲ್ಲು ಎಲ್ಲ ತಿರುಗಿ, ಶಹಾಪುರದ ಗೊಬ್ಬರದಂಗಡಿ ಮೇಲಿನ ಕಂಪ್ಯೂಟರ್ ಖೋಲಿಗೆ ಬಂದು ಬಿದ್ದೆ. ಅಲ್ಲಿ ಮೇಡಂ ಒಬ್ಬರೇ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಕಾಲುವೆ ನೀರಿನ ಪಾಳಿ ಯಾವ ದಿನ, ಎಷ್ಟು ಗಂಟೆಗೆ ಎಂದು ರೈತರ ಮೊಬೈಲಿಗೆ ಕನ್ನಡದಲ್ಲಿ ಹೋಗಬೇಕು. ತಾರೀಖನ್ನು ಹಾಗೆ ಬರೆಯುವ ಕ್ಲಾಸನ್ನು, ಅಂದರೆ ಪ್ರೋಗ್ರಾಮಿನ ಒಂದು ತುಂಡನ್ನು, ಅವರೇ ಕಟ್ಟಿದ್ದರು. ಅದಕ್ಕೆ ಸಣ್ಣ ಸಣ್ಣ ಟೆಸ್ಟುಗಳು: ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು. ದಿನಾ ಓಡಿಸಿ ಬಣ್ಣ ಹೇಳುವುದು ನನ್ನ ಕೆಲಸ. ಊರಿನ ನೀರಿನ ಸಂಘ ಒಪ್ಪಿದರೆ ಖೋಲಿ ಉಳಿಯಿತು, ಇಲ್ಲದಿದ್ದರೆ ಬಾಗಿಲು ಮುಚ್ಚಿತು.

೧

ಮೊದಲ ದಿನ ಎಲ್ಲಾ ಹಸಿರು. ಮರುದಿನ ಮುಂಜಾನೆ ಒಂದು ಕೆಂಪು! ಮೇಡಂಗೆ ಕೂಗಿ ಹೇಳಿದೆ.

"ಅಣ್ಣಾ, ಏನ್ ಒತ್ತಿದಿ?" ಅಂದರು ಮೇಡಂ.

"ದೇವರಾಣಿ ಏನೂ ಒತ್ತಿಲ್ರಿ!"

ಹುಡುಕಿದರೆ, ‘ಇವತ್ತು ಯಾವ ವಾರ’ ಎಂದು ಕೇಳಿ, ‘ಸೋಮವಾರ’ ಅಂದರೆ ಮಾತ್ರ ಹಸಿರು ಎಂದು ಮೇಡಮ್ಮೇ ಬರೆದಿದ್ದರು. ಬರೆದ ದಿನ ಸೋಮವಾರ ಇತ್ತು.

"ಇದು ವಾರಕ್ಕೊಮ್ಮಿ ಆದ್ರೂ ಪಾಸಾಗ್ತದ್ರಿ. ನಾ ವರ್ಷಕ್ಕೊಮ್ಮಿನೂ ಆಗ್ಲಿಲ್ಲ," ಅಂದೆ.

೨

ತಾರೀಖೇ ತುಂಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆಸ್ಟೇ ಇರಲಿಲ್ಲ. ಸಂಘದ ಅಧ್ಯಕ್ಷರ ತಾರೀಖೇ ಖಾಲಿ ಉಳಿದಿತ್ತು. ನಮ್ಮ ಕ್ಲಾಸು ಖಾಲಿಯನ್ನು ಸೊನ್ನೆ ಎಂದು ತಿಳಿಯಿತು. ಜಾವಾದ ಕಾಲ ಸೊನ್ನೆಯಿಂದ ಶುರುವಾಗುವುದು 1970ರಲ್ಲಂತೆ! ಅಧ್ಯಕ್ಷರಿಗೆ ಹೋದ ಸಂದೇಶ: ‘ನಿಮ್ಮ ಪಾಳಿ ಗುರುವಾರ, 1 ಜನವರಿ 1970.’

ಅಧ್ಯಕ್ಷರ ಫೋನು ಬಂತು. "ಮುಂದಿನ ಪಾಳಿನೂ ನಂದೇ ಅದ. ಅದು ತಪ್ಪಿದ್ರ ನಿಮ್ಮ ಕಂಪ್ಯೂಟರ್ ಒಯ್ದು ನೀರಾಗ ಒಗೀತೀನಿ! ಏನ್ರಿ, ಎಪ್ಪತ್ತರಾಗ ಇನ್ನೂ ಕಾಲುವಿನೇ ಅಗದಿರ್ಲಿಲ್ಲ. ನೀರು ಯಾವ ದಾರಿಲೆ ಬಿಟ್ರಿ?"

೩

ಖಾಲಿ ತಾರೀಖಿಗೂ ಟೆಸ್ಟು ಬರೆದಾಯಿತು. ಈ ಸಲ ಅಧ್ಯಕ್ಷರಿಗೆ ಹೋದ ಸಂದೇಶ: ‘ಗುರುವಾರ ರಾತ್ರಿ 2 ಗಂಟೆ.’ ಟೆಸ್ಟುಗಳೆಲ್ಲ ಹಸಿರು.

ಶುಕ್ರವಾರ ಮುಂಜಾನೆ ಅಧ್ಯಕ್ಷರು ಸಲಿಕೆ ಹಿಡಿದೇ ಮೆಟ್ಟಿಲು ಹತ್ತಿ ಬಂದರು. ನಾನು ಕಂಪ್ಯೂಟರನ್ನು ತಬ್ಬಿಕೊಂಡೆ.

"ಗುರುವಾರ ರಾತ್ರಿ ಪೂರಾ ಒಡ್ಡಿನ ಮ್ಯಾಲ ಕುಂತೀನಿ. ಹನಿ ನೀರಿಲ್ಲ!"

"ನೀರು ಅದರ ಹಿಂದಿನ ರಾತ್ರಿನೇ ಬಂದು ಹೋಗ್ಯಾದ್ರಿ," ಅಂದರು ಮೇಡಂ. "ಹನ್ನೆರಡು ಹೊಡೀತಂದ್ರ ಗುರುವಾರ ಹತ್ತತದಲ್ರಿ."

"ಯಾರ ಮನ್ಯಾಗ? ನಮ್ಮೂರಾಗ ಕೋಳಿ ಕೂಗೋತನಕ ಬುಧವಾರನೇ!"

ಆ ನೀರು ಮುಂದಿನ ಹೊಲಕ್ಕೆ, ಅಧ್ಯಕ್ಷರು ಮಾತು ಬಿಟ್ಟಿದ್ದ ಬೀಗರ ಭತ್ತಕ್ಕೆ ಹರಿದಿತ್ತು. ಬೀಗರು ಫೋನ್ ಮಾಡಿ ‘ಭಾಳ ಉಪಕಾರ ಆತ್ರಿ’ ಅಂದಿದ್ದರಂತೆ.

ಮೇಡಂ ಅಲ್ಲೇ ಕುಂತು, ಬೆಳಗಿನ ಆರು ಗಂಟೆಯ ತನಕ ಹಿಂದಿನ ದಿನದ ವಾರವನ್ನೇ ಬರೆಯುವ ಹೊಸ ಕ್ಲಾಸು ಮಾಡಿ, ಅದಕ್ಕೊಂದು ಟೆಸ್ಟು ಬರೆದು ಓಡಿಸಿದರು. ಹಸಿರು. ತೆರೆಯ ಮೇಲೆ ಬಂತು: ‘ಬುಧವಾರ ರಾತ್ರಿ 2 ಗಂಟೆ.’

ಅಧ್ಯಕ್ಷರು ಎರಡು ಸಲ ಓದಿ ಸಲಿಕೆ ಕೆಳಗಿಟ್ಟರು. "ಹಾಂ, ಇದು ತಾರೀಖು! ಸಂಘ ತಗೋತದ."

ನಮಗೆ ಹೋದ ಜೀವ ಬಂತು. ಮೇಡಂ ಹಳೇ ಕ್ಲಾಸನ್ನು ಅಳಿಸಲು ಹೋದರು.

"ತಡಿ ಯವ್ವಾ!" ಅಧ್ಯಕ್ಷರು ಕೈ ಅಡ್ಡ ಹಿಡಿದರು. "ಹೊಸಾದು ನನಗ ಕಳಸು. ಹಳೇದು ನಮ್ಮ ಬೀಗರಿಗೆ ಕಳಸು."