ರಾಮರಾಯರನ್ನು ಮೀರಿಸಲು ಬೇಯಿಸಿದ ಚಿತ್ರಾನ್ನ

ಸಮಾಜಸೇವೆ ಕಷ್ಟದ ಕೆಲಸವೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ನಾನು ಅದನ್ನು ಮಾಡಿರಲಿಲ್ಲ, ಅಷ್ಟೆ. ಗೋಡೆಯಾಚೆಯ ರಾಮರಾಯ ಮೇಷ್ಟ್ರು ಮಾತ್ರ ಬೇರೆ ಉದ್ಯೋಗವೇ ಇಲ್ಲದವರಂತೆ ಅದನ್ನೇ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ಸತ್ಯನಾರಾಯಣಪೇಟೆಯ ಹುಡುಗರನ್ನೆಲ್ಲ ಸೇರಿಸಿ ಬೈಠಕ್ ಹೊಡೆಸುವುದು, ಲೆಕ್ಕ ಹೇಳಿಕೊಡುವುದು, ಕಾಯಿಲೆ ಬಿದ್ದವರ ಮನೆಗೆ ಆ ಹುಡುಗರಿಂದ ನೀರು ಹೊರಿಸುವುದು. ಎಲ್ಲವೂ ಬಿಟ್ಟಿ! ಓಣಿಯೆಲ್ಲ ಅವರ ಗುಣಗಾನ. ಓಣಿ ಹಾಳಾಗಲಿ, ನನ್ನ ಹೆಂಡತಿ ಪದ್ಮಾವತಿಯೂ ಅದರಲ್ಲಿ ಸೇರಿದ್ದಳು.

"ರಾಮರಾಯರು ಎಂಥಾ ದೊಡ್ಡ ಮನುಷ್ಯಾರು ನೋಡ್ರಿ," ಎನ್ನುತ್ತ ಅವಳು ನನಗೆ ಸಾರು ಬಡಿಸುತ್ತಿದ್ದಳು. ನನ್ನ ದುಡಿಮೆಯ ಸಾರು, ಅವರ ಹೊಗಳಿಕೆ! ನನಗೆ ಧಗಧಗ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಅವಳ ಬಾಯಿಂದ ಒಂದೇ ಒಂದು ಸಲ ನನ್ನ ಬಗ್ಗೆ ಅಂಥ ಮಾತು ಕೇಳಬೇಕೆಂದು ನಿಶ್ಚಯಿಸಿದೆ.

ಅಕ್ಕಿಯ ರೇಷನ್ ಸಡಿಲಗೊಂಡಿದ್ದ ಹೊಸತು. ಗುಡಿಯ ಮುಂದೆ ನಿಂತು, "ಬರುವ ಭಾನುವಾರ ಓಣಿಯ ಸಮಸ್ತ ಬಾಲಕರಿಗೂ ಅವರ ಕುಟುಂಬಗಳಿಗೂ ನನ್ನ ವತಿಯಿಂದ ಉಚಿತ ಊಟ!" ಎಂದು ಘೋಷಿಸಿದೆ. ಜನ ಮುಖ ಮುಖ ನೋಡಿಕೊಂಡರು. ಬೆರಗಾಗಿದ್ದಾರೆ ಎಂದುಕೊಂಡೆ.

"ಭಾನುವಾರ ಏನ್ರಿ?" ಎಂದರು ಒಬ್ಬರು.

"ಹೌದ್ರಿ, ಭಾನುವಾರನ! ಸೇವಾ ಮಾಡಾಕ ರಾಮರಾಯರಿಗೆ ಒಬ್ರಿಗೇ ಭಾನುವಾರ ಬರ್ತದೇನು?"

ಮನೆಯಲ್ಲಿ ಪದ್ಮಾವತಿಯೂ ಶುರುಮಾಡಿದಳು. "ಏನ್ರೀ, ಭಾನುವಾರ ಬ್ಯಾಡ್ರಿ. ರಾಮರಾಯರು ಸುದ್ದಾ ಹೇಳಿದ್ರು..."

"ಆ ಹೆಸರು ಈ ಮನ್ಯಾಗ ಎತ್ತಬ್ಯಾಡ!"

ಅವಳು ಎತ್ತಲಿಲ್ಲ. ಶನಿವಾರ ಸಂಜೆ ಊಟವನ್ನೂ ಬಡಿಸಲಿಲ್ಲ, ಒಂದು ಹಿಡಿ ಅವಲಕ್ಕಿ ಕೊಟ್ಟಳು. ಮುನಿಸು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಒಲೆಯನ್ನೇ ಹಚ್ಚಲಿಲ್ಲ. ಇದೂ ಮುನಿಸು! ಇರಲಿ, ಮಧ್ಯಾಹ್ನ ನನ್ನ ಕೀರ್ತಿ ಕಂಡು ತಾನಾಗಿಯೇ ಕರಗುತ್ತಾಳೆ ಎಂದು ಹಿತ್ತಲಲ್ಲಿ ಕಲ್ಲು ಹೂಡಿ ಕೊಪ್ಪರಿಗೆ ಏರಿಸಿದೆ. ಭಾವಮೈದುನನಿಂದ ಕಾಡಿ ತರಿಸಿದ ದೇಶನೂರಿನ ಅಕ್ಕಿ, ಶೇಂಗಾ, ನಿಂಬೆಹುಳಿ. ಚಿತ್ರಾನ್ನದ ವಾಸನೆ ರಾಮರಾಯರ ಮನೆಯ ಕಡೆಗೇ ಹೋಗಲೆಂದು ಬೀಸಣಿಗೆಯಿಂದ ಗಾಳಿಯನ್ನೂ ಹಾಕಿದೆ!

ಎಲೆ ಹಾಕಿ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಗೆ ಬಂದವರು ರಾಮರಾಯರು.

"ಶೇಷಗಿರಿರಾಯರ, ಏನ್ರಿ ಇದು? ಇವತ್ತು ಏಕಾದಶಿ ಅಲ್ಲೇನ್ರಿ!"

ನಮ್ಮದು ವೈಷ್ಣವರ ಓಣಿ. ಏಕಾದಶಿಯ ದಿನ ಯಾರೂ ಒಂದು ಅಗುಳು ಅನ್ನ ಮುಟ್ಟುವುದಿಲ್ಲ, ಹಿಂದಿನ ರಾತ್ರಿಯೂ ಅವಲಕ್ಕಿಯೇ ಗತಿ. ನಾನೂ ವೈಷ್ಣವನೇ! ಬೆಳಗಿನಿಂದ ಹಸಿದು ಬೇಯಿಸಿದ ಚಿತ್ರಾನ್ನವನ್ನು ನಾನು ಕೂಡ ತಿನ್ನುವಂತಿರಲಿಲ್ಲ.

"ಮೊದಲ ಯಾಕ ಹೇಳಲಿಲ್ಲ ನೀನು?" ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

"ಹೇಳಾಕ ಬಿಟ್ರೇನು ನೀವು?"

ಅಷ್ಟರಲ್ಲಿ ರಾಮರಾಯರು ಚಕ್ಕಡಿ ತರಿಸಿಬಿಟ್ಟಿದ್ದರು. "ಕಂಟೋನ್ಮೆಂಟಿನ ಕಡೆ ಹಳ್ಳಿ ಹುಡುಗರ ಹಾಸ್ಟೆಲ್ ಅದ. ಅವರಿಗೆ ಏಕಾದಶಿ ಇಲ್ಲ, ಹಸಿವಿ ಅದ. ನಡೀರಿ, ಬಡಿಸಿ ಬರೋಣ."

"ರಾಮರಾಯರು ಇದ್ದದ್ದಕ್ಕ ಅನ್ನ ಹಾಳಾಗಲಿಲ್ಲ," ಎಂದು ಪದ್ಮಾವತಿ ಕೈ ಮುಗಿದಳು. ನನಗಲ್ಲ!

ಹಾಸ್ಟೆಲಿನಲ್ಲಿ ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ತಿಂದರು. ಆಮೇಲೆ ಎಲ್ಲರೂ ಸೇರಿ, "ರಾಮರಾಯ ಸಾರ್‌ಗೆ ಜೈ!" ಎಂದು ಕೂಗಿದರು. ರಾಮರಾಯರು, "ನನಗಲ್ಲಪ್ಪಾ, ಇವರಿಗೆ," ಎಂದು ನನ್ನತ್ತ ಕೈ ತೋರಿದರು. ಅವರ ವಿನಯಕ್ಕೆ ಇನ್ನೊಂದು ಜೈ ಬಿತ್ತು! ನಾನು ಪಂಚೆ ಎತ್ತಿ ಕಟ್ಟಿ, ಮೈಯೆಲ್ಲ ಅರಿಶಿನ ಮೆತ್ತಿಕೊಂಡು ಬಕೆಟ್ ಹಿಡಿದು ನಿಂತಿದ್ದೆ.

ಆಗ ಮಗನನ್ನು ನೋಡಲು ಕುರುಗೋಡಿನಿಂದ ಬಂದು ತಾನೂ ಪಂಕ್ತಿಯಲ್ಲಿ ಕೂತಿದ್ದ ರೈತನೊಬ್ಬ ಕೈ ತೊಳೆದು ನನ್ನ ಹತ್ತಿರ ಬಂದ.

"ಸ್ವಾಮೇರ, ಚಿತ್ರಾನ್ನ ಬಾಳ ಚಲೋ ಆಗೈತ್ರಿ. ಇಂಥಾ ಕೈರುಚಿ ನಾ ಎಲ್ಲೂ ಕಂಡಿಲ್ಲ. ನಮ್ಮ ತಂಗಿ ಮದುವಿಗೆ ಅಡಿಗಿ ಮಾಡಾಕ ಬರ್ತೀರೇನ್ರಿ?"

ನಾನು ಕಚೇರಿಯ ಗುಮಾಸ್ತ, ಅಡುಗೆಯವನಲ್ಲ ಎಂದು ಗದರಿಸಬೇಕಿತ್ತು. ಆದರೆ ಆ ದಿನ ನನ್ನನ್ನು ಹೊಗಳಿದ್ದವನು ಅವನೊಬ್ಬನೇ.

"ಎಷ್ಟು ಮಂದಿ ಆಗ್ತಾರ?" ಎಂದು ಕೇಳಿದೆ.