ತಂಗಿಯ ಲಾರಿ, ನನ್ನ ಪ್ರೊಸೆಸರ್

ನಲವತ್ತು ದಾಟಿದ ಮೇಲೆ ಆಸೆಗಳು ಕಡಿಮೆಯಾಗುತ್ತವೆ ಎನ್ನುವವರು ಯಾರೂ ಕಂಪ್ಯೂಟರಿನಲ್ಲಿ ಆಟ ಆಡಿದವರಲ್ಲ. ನನ್ನ ಓರಗೆಯವರು ಸೈಟು, ಕಾರು, ಮಗಳಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಎಂದು ಹಂಬಲಿಸುತ್ತಿದ್ದರೆ, ನಾನು ಬಿಸ್ಕತ್ತಿನಷ್ಟಿರುವ ಒಂದು ಪ್ರೊಸೆಸರಿಗಾಗಿ ಹಂಬಲಿಸುತ್ತಾ ಕೂತಿದ್ದೆ. ಸ್ನಾನ ಮಾಡುವಾಗ ಅದರದೇ ಧ್ಯಾನ, ಮುದ್ದೆ ಮುರಿಯುವಾಗ ಅದರದೇ ಚಿಂತೆ. "ನನ್ನ ನೋಡೋಕೆ ಬಂದಾಗ್ಲೂ ನೀವು ಇಷ್ಟು ಯೋಚ್ನೆ ಮಾಡಿರ್ಲಿಲ್ಲ ಬುಡಿ" ಎಂದಳು ಹೆಂಡತಿ. ನಿಜವೇ. ಆಗ ಬೇರೆ ಮಾಡೆಲ್ ತೋರಿಸುವವರೂ ಇರಲಿಲ್ಲ.

ಶಿರಾದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕಸುಬು. ಯಾರದೋ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವಾಗ ಅಳುವುದನ್ನು ವಾರವೆಲ್ಲ ಕತ್ತರಿಸಿ, ಜೋಡಿಸಿ, ಹಿಂದೆ ನಾದಸ್ವರ ಹಾಕುತ್ತೇನೆ. ಭಾನುವಾರ ಮಧ್ಯಾಹ್ನ ಮಾತ್ರ ಆ ಕಂಪ್ಯೂಟರು ನನ್ನದು ಮತ್ತು ನನ್ನ ತಂಗಿ ಸುಧಾಳದು. ಅವಳನ್ನು ಪಾವಗಡಕ್ಕೆ ಕೊಟ್ಟಿದ್ದೇವೆ. ತವರಿಗೆ ಬರುವುದು ಗೌರಿಹಬ್ಬಕ್ಕೆ, ಬಂದರೂ ತುದಿಗಾಲಲ್ಲೇ ನಿಂತಿರುತ್ತಾಳೆ. ಫೋನ್ ಮಾಡಿದರೆ ಪಕ್ಕದಲ್ಲಿ ಅತ್ತೆ ಇರುತ್ತಾರೆ. "ಎಲ್ಲಾ ಚೆನ್ನಾಗಿದೀವಣ್ಣ, ಸರೇಲೇ" ಎಂದು ಇಟ್ಟುಬಿಡುತ್ತಾಳೆ. ಈ 'ಸರೇಲೇ' ಅಂದರೆ 'ಸರಿ ಬಿಡು', ಅಲ್ಲಿನ ತೆಲುಗು. ನಮ್ಮ ಮನೆಯಿಂದ ಹೋಗುವಾಗ ಅವಳ ಬಾಯಲ್ಲಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಅತ್ತೆ ಮಲಗುತ್ತಾರೆ, ಮೈದುನ ತನ್ನ ಹೊಸ ಕಂಪ್ಯೂಟರನ್ನು ಬಿಟ್ಟು ಕ್ರಿಕೆಟ್ಟಿಗೆ ಹೋಗುತ್ತಾನೆ. ಆಗ ಅಣ್ಣತಂಗಿ ಇಬ್ಬರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಲಾರಿ ಹತ್ತುತ್ತೇವೆ. ಅವಳು ಅಲ್ಲಿ, ನಾನು ಇಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಎರಡು ಲಾರಿಗಳನ್ನು ಒಂದರ ಹಿಂದೊಂದು ಓಡಿಸಿ ಸರಕು ಮುಟ್ಟಿಸುವ ಆಟ ಅದು. ಪರದೆಯ ಮೇಲಿರುವುದು ಯಾವುದೋ ವಿದೇಶದ ರಸ್ತೆ. ಆ ಊರುಗಳ ಹೆಸರು ಬಾಯಿಗೆ ಬರುವುದಿಲ್ಲವಾದ್ದರಿಂದ ಕೆರೆ ಕಂಡಲ್ಲಿ ಕಳ್ಳಂಬೆಳ್ಳ, ದೊಡ್ಡ ಬಂಡೆ ಕಂಡಲ್ಲಿ ಮಧುಗಿರಿ ಎಂದುಕೊಂಡಿದ್ದೇವೆ. ನಮ್ಮಪ್ಪ ನಿಜವಾಗಿಯೂ ಲಾರಿ ಓಡಿಸುತ್ತಿದ್ದವರು. ಗಾಡಿ ಓಡುವಾಗ ಕ್ಯಾಬಿನ್ನಿನಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ, ಏನಿದ್ದರೂ ನಿಲ್ಲಿಸಿದಾಗ. ಸುಧಾ ಇವತ್ತಿಗೂ ಅದನ್ನು ಬಿಟ್ಟಿಲ್ಲ. ಲಾರಿ ಓಡುವಷ್ಟು ಹೊತ್ತು ಅವಳಿಂದ ಹೂಂ ಕೂಡ ಬರುವುದಿಲ್ಲ.

ನನ್ನ ತೊಂದರೆ ಶುರುವಾಗುವುದೇ ಇಲ್ಲಿ. ನನ್ನ ಪ್ರೊಸೆಸರ್ ಹಳೆಯದು. ತಿರುವು ಬಂತೆಂದರೆ ಪರದೆ ಗಕ್ಕನೆ ನಿಲ್ಲುತ್ತದೆ, ಮತ್ತೆ ಚಲಿಸುವಷ್ಟರಲ್ಲಿ ನನ್ನ ಲಾರಿ ಚರಂಡಿಯಲ್ಲಿ ಮಲಗಿರುತ್ತದೆ. "ಮತ್ತೆ ಬಿದ್ಯಾ? ಬಾ ಬಾ, ನಿಂತಿದೀನಿ" ಎಂದು ಸುಧಾ ಮುಂದೆಲ್ಲೋ ಗಾಡಿ ಬದಿಗೆ ಹಾಕಿ, ನಾನು ಮೇಲೇಳುವ ತನಕ ಏನಾದರೂ ಹೇಳುತ್ತಿರುತ್ತಾಳೆ. ಇದು ನನಗೆ ತೀರಾ ಅವಮಾನ. ಲಾರಿ ಡ್ರೈವರನ ಮಗ, ತಂಗಿಯ ಹಿಂದೆ ಚರಂಡಿ ಅಳೆಯುತ್ತಾ ಹೋಗುವುದೆಂದರೇನು?

ಕಂಪ್ಯೂಟರ್ ರಿಪೇರಿ ಅಂಗಡಿಯ ನಯಾಜ್ ನನ್ನ ಸ್ನೇಹಿತ. ಅವನಲ್ಲಿ ದುಃಖ ತೋಡಿಕೊಂಡೆ. "ಅರೆ ಭಾಯ್, ಹೊಸ ಪ್ರೊಸೆಸರ್ ಹಾಕ್ಬುಡಾಣ. ಆದ್ರೆ ಅದು ಈ ಬೋರ್ಡ್‌ಗೆ ಕೂರಾಕಿಲ್ಲ, ಬೋರ್ಡು ಚೇಂಜ್ ಮಾಡ್ಬೇಕು. ಹೊಸ ಬೋರ್ಡ್‌ಗೆ ಹಳೇ ರ್‍ಯಾಮ್ ಆಗಾಕಿಲ್ಲ" ಎಂದ. ಬಾಗಿಲ ಚಿಲಕ ಬದಲಿಸಲು ಹೋಗಿ ಮನೆಯನ್ನೇ ಕೆಡವಿ ಕಟ್ಟುವ ಕೆಲಸ. "ಬ್ಯಾಡ ಅಂದ್ರೆ ಇರೋದನ್ನೇ ಓವರ್‌ಕ್ಲಾಕ್ ಮಾಡಾಣ. ಕಂಪನಿಯೋರು ಇಟ್ಟಿರೋ ಸ್ಪೀಡಿಗಿಂತ ಜಾಸ್ತಿ ಓಡಿಸೋದು. ಬಿಸಿ ಆಯ್ತದೆ ಅಷ್ಟೆ." ಶಿರಾದ ಬೇಸಿಗೆಯಲ್ಲಿ ನಾವೇ ಓವರ್‌ಕ್ಲಾಕ್ ಆದವರ ಹಾಗೆ ಕುದಿಯುತ್ತಿರುವಾಗ ಅದರದೇನು ಹೆಚ್ಚು ಎಂದು ಒಪ್ಪಿಬಿಟ್ಟೆ.

ನಯಾಜ್ ಡಬ್ಬ ಬಿಚ್ಚಿದ. ವರ್ಷವರ್ಷ ಆಯುಧಪೂಜೆಗೆ ನನ್ನ ಹೆಂಡತಿ ಒಳಗಿನ ಫ್ಯಾನಿಗೆ ಎದುರಾಗಿ ಹಿಡಿದ ಸಾಂಬ್ರಾಣಿ ಹೊಗೆ, ಎರಚಿದ ಅರಿಶಿನ ಕುಂಕುಮ, ಒಣಗಿದ ಸೇವಂತಿಗೆ ಎಸಳು ಎಲ್ಲ ಅಲ್ಲೇ ಹೆಪ್ಪುಗಟ್ಟಿ ಕೂತಿದ್ದವು. "ಪ್ರಸಾದ ತಗೊಳ್ಳಿ ಭಾಯ್" ಎಂದು ಒಂದು ಎಸಳನ್ನು ನನ್ನ ಕೈಗಿಟ್ಟು, ಎಲ್ಲವನ್ನೂ ಊದಿ ಒರೆಸಿ, ವೇಗ ಏರಿಸಿ ಕೊಟ್ಟ. ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇಡಲು ಹೇಳಿದ. ನಮ್ಮನೆಯಲ್ಲಿರುವುದು ಒಂದೇ ಟೇಬಲ್ ಫ್ಯಾನ್. ಹೆಂಡತಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆ ಭಾನುವಾರ ಲಾರಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡಿತು. ಒಂದು ತಿರುವಿನಲ್ಲೂ ಪರದೆ ನಿಲ್ಲಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಊರು ಮುಟ್ಟಿ, ಸರಕು ಇಳಿಸಿ ನೋಡಿದರೆ ಸುಧಾ ಎಲ್ಲೂ ಇಲ್ಲ.

"ಎಲ್ಲಿದೀಯೇ?"

"ಇಲ್ಲೇ ಮಧುಗಿರಿ ತಿರುವ್ನಾಗೆ ನಿಂತಿದೀನಿ ಕಣಣ್ಣ. ನೀನು ಬೀಳ್ತೀಯಲ್ಲ, ಬರ್ಲಿ ಅಂತ. ಅತ್ತೆ ಜೊತೆ ಒಂದು ಮಾತಾಗಿತ್ತು, ನಿಂಗೆ ಹೇಳಾಣ ಅಂತಿದ್ದೆ. ನೀನು ಹೋಗೇಬುಟ್ಯಾ?"

ಅವಳ ಪಕ್ಕದಲ್ಲೇ ಹಾದುಹೋಗಿದ್ದೆ. ವೇಗದ ಅಮಲಿನಲ್ಲಿ ನೋಡಿರಲಿಲ್ಲ. "ಏನಾಯ್ತೇ, ಹೇಳು" ಎನ್ನುವಷ್ಟರಲ್ಲಿ ಅವಳ ಹಿಂದೆ ಬಾಗಿಲು ತೆರೆದ ಸದ್ದು, ಅತ್ತೆಯ ಕೆಮ್ಮು. "ಸರೇಲೇ ಅಣ್ಣ" ಎಂದವಳು ಹೋದಳು. ಎಷ್ಟೋ ಭಾನುವಾರಗಳಿಂದ ನಾನು ಅವಮಾನ ಎಂದುಕೊಂಡಿದ್ದ ಆ ಚರಂಡಿಯೇ ಅವಳ ಪಾಲಿಗೆ ತವರಿನ ಜಗುಲಿಯಾಗಿತ್ತು.

ಮರುದಿನವೇ ನಯಾಜನಿಂದ ವೇಗ ಇಳಿಸಿಕೊಂಡು ಬಂದೆ, ಹೆಂಡತಿಗೆ ಫ್ಯಾನ್ ವಾಪಸ್ ಸಿಕ್ಕಿತು. ಆದರೆ ನನ್ನ ಗ್ರಹಚಾರ ನೋಡಿ, ಕುಂಕುಮ ಸಾಂಬ್ರಾಣಿ ಎಲ್ಲ ಹೋಗಿ ಒಳಗೆ ಗಾಳಿಯಾಡಿದ್ದರಿಂದ ಆ ದರಿದ್ರ ಪ್ರೊಸೆಸರ್ ಹಳೆಯ ವೇಗದಲ್ಲೂ ಚೆನ್ನಾಗಿಯೇ ಓಡತೊಡಗಿತು. ಪರದೆ ನಿಲ್ಲುತ್ತಲೇ ಇಲ್ಲ! ಬೇರೆ ದಾರಿಯಿಲ್ಲದೆ ಮುಂದಿನ ಭಾನುವಾರ ನಾನೇ ಸ್ಟೇರಿಂಗ್ ಎಳೆದು, ಸಪಾಟಾದ ನೇರ ರಸ್ತೆಯಲ್ಲಿ, ಲಾರಿಯನ್ನು ಚರಂಡಿಗೆ ಇಳಿಸಿದೆ. ಮುಂದೆ ಸುಧಾಳ ಲಾರಿ ಬದಿಗೆ ಸರಿದು ನಿಂತಿತು.

"ಅಣ್ಣಾ, ಅಲ್ಲಿ ತಿರುವೇ ಇಲ್ವಲ್ಲೋ! ಅಲ್ಲೂ ಬಿದ್ಯಾ?"

"ಏನ್ಮಾಡ್ಲಮ್ಮ, ಹಳೇ ಪ್ರೊಸೆಸರ್ರು. ಹೊಸದು ತಗೋಬೇಕು."

ಅವಳ ಲಾರಿಯ ಎಂಜಿನ್ ಆರಿದ ಸದ್ದು ಕೇಳಿಸಿತು.

"ತಗೋಬ್ಯಾಡ ಬುಡಣ್ಣ" ಎಂದಳು. ಆಮೇಲೆ ಅತ್ತೆಯ ವಿಷಯ ಶುರುಮಾಡಿದಳು. ನಾನು ಲಾರಿಯನ್ನು ಮೇಲೆತ್ತುವ ಗುಂಡಿ ಕೀಬೋರ್ಡಿನಲ್ಲಿ ಎಲ್ಲಿದೆಯೋ ಗೊತ್ತಿಲ್ಲದವನ ಹಾಗೆ ಹುಡುಕುತ್ತಾ ಕೂತೆ.